ಹೆರಾಲ್ಡ್ ಸಾಕುವ ಲೆಕ್ಕ

ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರಿನ ಬಾನೆಟ್ ಎತ್ತಿದರೆ ಕಾರಿನ ಮುಂಭಾಗವೇ ಎದ್ದು ಬರುತ್ತದೆ. ಎರಡು ಬದಿಯ ಮಡ್‌ಗಾರ್ಡ್, ಹೆಡ್‌ಲೈಟ್, ಗ್ರಿಲ್ ಎಲ್ಲವೂ ಒಟ್ಟಿಗೇ ಮುಂದಕ್ಕೆ ವಾಲಿ ನಿಲ್ಲುತ್ತವೆ. ಇಂಜಿನ್, ಸ್ಟೇರಿಂಗ್, ಮುಂದಿನ ಎರಡೂ ಚಕ್ರಗಳು ಬಯಲಿಗೆ ಬೀಳುತ್ತವೆ. ಗ್ಯಾರೇಜಿನವರು ಬೆನ್ನು ಬಗ್ಗಿಸಬೇಕಾಗಿಲ್ಲ, ಟಯರಿನ ಮೇಲೆ ಕುಳಿತೇ ಕಾರ್ಬೊರೇಟರ್ ಬಿಚ್ಚಬಹುದು. ದಕ್ಷಿಣ ಕನ್ನಡ ಜಿಲ್ಲೆಯ ಬಂಟ್ವಾಳದ ಬಿ.ಸಿ.ರೋಡಿನಿಂದ ಬೆಳ್ತಂಗಡಿ, ಮೂಡುಬಿದಿರೆಗಳತ್ತ ಹೋಗುವ ದಾರಿಗಳಲ್ಲಿ ಈ ನೋಟ ಈಗ ಅಪರೂಪ. ಆದರೂ ತೋಟದ ಮನೆಯ ಶೆಡ್ಡಿನಲ್ಲಿ, ಅಡಿಕೆ ಮೂಟೆಗಳ ಪಕ್ಕದಲ್ಲಿ ಧೂಳು ಹಿಡಿದು ನಿಂತ ಹಳೆಯ ಬ್ರಿಟಿಷ್ ಕುಲದ ಕಾರು ಈ ಸೀಮೆಯವರಿಗೆ ಹೊಸ ಸಂಗತಿಯೇನಲ್ಲ.

ಅಂಥ ಕಾರು ಮಾರಾಟಕ್ಕೆ ಬಂದಾಗ ಕೇಳುವ ಬೆಲೆ ಆಸೆ ಹುಟ್ಟಿಸುತ್ತದೆ. ಓಡದ ಸ್ಥಿತಿಯ ಹೆರಾಲ್ಡ್ ಒಂದು ಒಳ್ಳೆಯ ಸ್ಕೂಟರಿನ ಬೆಲೆಗೆ ಸಿಗುವುದೂ ಉಂಟು. ಕೊಂಡ ಮೇಲೆ ಅದನ್ನು ಸಾಕುವುದು ಹೇಗೆ, ಎಷ್ಟು ಖರ್ಚು, ಕಾನೂನು ಏನು ಹೇಳುತ್ತದೆ ಎಂಬುದು ಮಾತ್ರ ಬಹಳ ಮಂದಿಗೆ ಅರ್ಧಂಬರ್ಧ ಗೊತ್ತಿರುವ ವಿಷಯ.

ಕೊವೆಂಟ್ರಿಯಿಂದ ಮದ್ರಾಸಿಗೆ

ಹೆರಾಲ್ಡ್ ಹುಟ್ಟಿದ್ದು 1959ರಲ್ಲಿ, ಇಂಗ್ಲೆಂಡಿನ ಕೊವೆಂಟ್ರಿ ನಗರದ ಸ್ಟ್ಯಾಂಡರ್ಡ್ ಟ್ರಯಂಫ್ ಕಂಪನಿಯಲ್ಲಿ. ಅದರ ಮೈಕಟ್ಟು ಬರೆದವರು ಇಟಲಿಯ ಟ್ಯೂರಿನ್ನಿನ ವಿನ್ಯಾಸಕಾರ ಜಿಯೊವಾನಿ ಮಿಕೆಲೊಟಿ. ಆ ಹೊತ್ತಿಗೆ ಬೇರೆ ಕಂಪನಿಗಳು ಚೇಸಿಸ್ ಮತ್ತು ಬಾಡಿ ಎರಡನ್ನೂ ಒಂದೇ ಉಕ್ಕಿನ ಪೆಟ್ಟಿಗೆಯಾಗಿ ಬೆಸೆಯುವ ಪದ್ಧತಿಗೆ ಹೋಗಿದ್ದವು. ಹೆರಾಲ್ಡ್ ಮಾತ್ರ ಹಳೆಯ ಪದ್ಧತಿಯ ಬಿಡಿ ಚೇಸಿಸ್ ಇಟ್ಟುಕೊಂಡಿತು. ಕಾರಣ ವ್ಯಾಪಾರದ್ದು. ಬಾಡಿ ಮಾಡಿಕೊಡುತ್ತಿದ್ದ ಸಂಸ್ಥೆ ಎದುರಾಳಿ ಕಂಪನಿಯ ವಶವಾಗಿತ್ತು. ಹಾಗಾಗಿ ಸ್ಟ್ಯಾಂಡರ್ಡ್ ಟ್ರಯಂಫ್ ಬಾಡಿಯ ತುಂಡುಗಳನ್ನು ಬೇರೆ ಬೇರೆ ಕಡೆ ಮಾಡಿಸಿ ತಂದು, ಚೇಸಿಸ್ಸಿನ ಮೇಲೆ ಬೋಲ್ಟ್ ಹಾಕಿ ಕೂರಿಸಬೇಕಾಯಿತು. ಅಂದು ಅನಿವಾರ್ಯವಾಗಿ ಮಾಡಿದ ಈ ಏರ್ಪಾಡೇ ಅರವತ್ತು ವರ್ಷ ಕಳೆದ ಮೇಲೆ ಹೆರಾಲ್ಡ್ ಮಾಲೀಕರ ಪಾಲಿಗೆ ವರವಾಗಿದೆ.

ಸಾಧಾರಣ ಕುಟುಂಬದ ಕಾರಾದರೂ ಇದರ ರಕ್ತದಲ್ಲಿ ಸ್ಪೋರ್ಟ್ಸ್ ಕಾರಿನ ಗುಣ ಉಂಟು. 1962ರಲ್ಲಿ ಇದೇ ಚೇಸಿಸ್ಸನ್ನು ಗಿಡ್ಡ ಮಾಡಿ ಟ್ರಯಂಫ್ ಸ್ಪಿಟ್‌ಫಯರ್ ಎಂಬ ಎರಡು ಸೀಟಿನ ಸ್ಪೋರ್ಟ್ಸ್ ಕಾರು ಮಾಡಿದರು. ಅದೇ ವರ್ಷ ಇದೇ ಮೈಗೆ ಆರು ಸಿಲಿಂಡರಿನ ಇಂಜಿನ್ ಕೂರಿಸಿದಾಗ ವಿಟೆಸ್ ಎಂಬ ವೇಗದ ಸಲೂನ್ ಬಂತು. ಹೆರಾಲ್ಡಿನಲ್ಲಿ ನಾಲ್ಕೂ ಚಕ್ರಗಳಿಗೆ ಪ್ರತ್ಯೇಕ ಸಸ್ಪೆನ್ಷನ್ ಇತ್ತು, ಹಗುರವಾದ ರ್‍ಯಾಕ್ ಸ್ಟೇರಿಂಗ್ ಇತ್ತು. ಕೇವಲ 25 ಅಡಿ ವ್ಯಾಸದ ಜಾಗದಲ್ಲಿ ಅದು ತಿರುಗಬಲ್ಲದು. ಬಿ.ಸಿ.ರೋಡಿನ ಇಕ್ಕಟ್ಟಿನಲ್ಲಿ ಯೂ ಟರ್ನ್ ಹೊಡೆಯಲು ಇಂದಿನ ಹಲವು ಸಣ್ಣ ಕಾರುಗಳಿಗೂ ಇಷ್ಟು ಸುಲಭವಿಲ್ಲ.

ಭಾರತದಲ್ಲಿ ಇದನ್ನು ತಯಾರಿಸಿದ್ದು 1948ರಲ್ಲಿ ಮದ್ರಾಸಿನಲ್ಲಿ ಸ್ಥಾಪನೆಯಾದ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಆಫ್ ಇಂಡಿಯಾ. 1961ರಿಂದ ಸ್ಟ್ಯಾಂಡರ್ಡ್ ಹೆರಾಲ್ಡ್ ಹೆಸರಿನಲ್ಲಿ ಕಾರು ಹೊರಬಂತು. ಅಂದಿನ ಲೈಸೆನ್ಸ್ ಕಾಲದಲ್ಲಿ ಭಾರತೀಯರ ಮುಂದಿದ್ದ ಆಯ್ಕೆ ಮುಖ್ಯವಾಗಿ ಮೂರು: ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್‌ನಿಂದ ಬಂದ ಅಂಬಾಸಿಡರ್, ಇಟಲಿಯ ಫಿಯೆಟ್, ಮತ್ತು ಹೆರಾಲ್ಡ್. ಮೂರರಲ್ಲಿ ಚಿಕ್ಕದು ಹೆರಾಲ್ಡೇ. ಬ್ರಿಟನ್ನಿನಲ್ಲಿ ಇಂಜಿನ್ 948 ಸಿಸಿಯಿಂದ 1147ಕ್ಕೆ, ಮುಂದೆ 1296ಕ್ಕೆ ಬೆಳೆದರೂ ಇಲ್ಲಿ 948 ಸಿಸಿಯೇ ಉಳಿಯಿತು. ಇಲ್ಲಿನ ದೊಡ್ಡ ಸಂಸಾರಗಳಿಗಾಗಿ ಮದ್ರಾಸಿನವರು ನಾಲ್ಕು ಬಾಗಿಲಿನ ಹೆರಾಲ್ಡ್ ಮಾಡಿದರು, ಅದು ಬ್ರಿಟನ್ನಿನಲ್ಲಿ ಬಂದದ್ದೇ ಇಲ್ಲ. 1972ರಲ್ಲಿ ಅದರ ಜಾಗಕ್ಕೆ ಗಜೆಲ್ ಎಂಬ ಕಾರು ಬಂತು. 1977ರಲ್ಲಿ ಅದೂ ನಿಂತಿತು.

ಅಂಬಾಸಿಡರ್ ಉಳಿಯಿತು, ಹೆರಾಲ್ಡ್ ಅಳಿಯಿತು

ದಕ್ಷಿಣ ಕನ್ನಡದ ಹಳ್ಳಿದಾರಿಗಳಲ್ಲಿ ಬಹುಕಾಲ ಜನರನ್ನು ಹೊತ್ತದ್ದು ಅಂಬಾಸಿಡರ್. ಬಸ್ಸು ಕಡಿಮೆ ಇದ್ದ ಕಡೆ ಅವು ಸರ್ವಿಸ್ ಕಾರುಗಳಾಗಿ ಓಡಿದವು. ಹಿಂದೆ ಮುಂದೆ ಜನ ತುಂಬಿ, ಡಿಕ್ಕಿಯಲ್ಲಿ ಬಾಳೆಗೊನೆ, ಹಿಂಡಿ ಮೂಟೆ ಹಾಕಿಕೊಂಡು ಕಲ್ಲುದಾರಿಯಲ್ಲಿ ಸಾಗುವ ಕಸುವು ಅದಕ್ಕಿತ್ತು. ಮುಂದೆ ಡೀಸೆಲ್ ಇಂಜಿನ್ ಬಂದಾಗ ಬಾಡಿಗೆ ಓಡಿಸುವವರಿಗೆ ಇನ್ನಷ್ಟು ಒಗ್ಗಿತು. 2014ರವರೆಗೂ ಉತ್ತರಪಾಡಾದ ಕಾರ್ಖಾನೆ ಅದನ್ನು ತಯಾರಿಸುತ್ತಲೇ ಇದ್ದುದರಿಂದ ಸ್ಪೇರ್ ಪಾರ್ಟ್ಸ್ ಕೂಡ ಊರೂರಲ್ಲಿ ಸಿಕ್ಕಿತು.

ಹೆರಾಲ್ಡಿಗೆ ಆ ಭಾಗ್ಯ ಇರಲಿಲ್ಲ. ಡಾಕ್ಟರು, ವಕೀಲರು, ಎಸ್ಟೇಟಿನವರು ಸ್ವಂತಕ್ಕೆಂದು ಇಟ್ಟುಕೊಳ್ಳುವ ಕಾರು ಅದು. ಹೊರೆ ಹೊರುವ ಕಾಯ ಅಲ್ಲ. ಹಿಂದಿನ ಚಕ್ರಗಳ ಸಸ್ಪೆನ್ಷನ್ ಏರ್ಪಾಡು ಹೆಚ್ಚು ಭಾರಕ್ಕೆ ಬಗ್ಗುತ್ತಿತ್ತು. ತಿರುವಿನಲ್ಲಿ ವೇಗವಾಗಿ ಹೋಗುತ್ತಾ ಥಟ್ಟನೆ ಆಕ್ಸಿಲರೇಟರ್ ಬಿಟ್ಟರೆ ಹಿಂದಿನ ಚಕ್ರ ಒಳಕ್ಕೆ ಮಡಚಿ ಕಾರು ಜಾರುವ ದೋಷವೂ ಅದರಲ್ಲಿತ್ತು. ಗಜೆಲ್‌ನಲ್ಲಿ ಹಿಂದಕ್ಕೆ ಗಟ್ಟಿ ಆಕ್ಸಲ್ ಹಾಕಿ ಈ ಕೊರತೆಯನ್ನು ಸರಿಪಡಿಸಿದರು. ಹೆರಾಲ್ಡನ್ನೇ ಕೊಳ್ಳುವವರು ಶಿರಾಡಿ, ಚಾರ್ಮಾಡಿಯ ತಿರುವುಗಳಲ್ಲಿ ಈ ಗುಣವನ್ನು ನೆನಪಿಡಬೇಕು. ವೇಗ ತಗ್ಗಿಸುವ ಕೆಲಸ ತಿರುವಿಗೆ ಮೊದಲೇ ಮುಗಿಯಬೇಕು.

ಮದ್ರಾಸಿನ ಅದೇ ಕಂಪನಿ 1985ರಲ್ಲಿ ಸ್ಟ್ಯಾಂಡರ್ಡ್ 2000 ಎಂಬ ಐಷಾರಾಮಿ ಕಾರು ತಂದಿತು. ಮೈ ಬ್ರಿಟನ್ನಿನ ರೋವರ್ ಎಸ್‌ಡಿ1 ಕಾರಿನದು. 1977ರಲ್ಲಿ ಯುರೋಪಿನ ವರ್ಷದ ಕಾರು ಎಂಬ ಪ್ರಶಸ್ತಿ ಪಡೆದ, ನಿಜವಾದ ಅರ್ಥದ ಸ್ಪೋರ್ಟ್ಸ್ ಸಲೂನ್ ಅದು. ಆದರೆ ಆ ಚೆಂದದ ಮೈಯೊಳಗೆ ಇಲ್ಲಿ ಕೂರಿಸಿದ್ದು ದಶಕಗಳಷ್ಟು ಹಳೆಯ ಮೂಲದ 1991 ಸಿಸಿ ಇಂಜಿನ್ನನ್ನು. ಪೆಟ್ರೋಲ್ ಕುಡಿಯುವುದು ಹೆಚ್ಚು, ಓಟ ಕಡಿಮೆ. ಅದೇ ಹೊತ್ತಿಗೆ ಮಾರುತಿ 800 ಮನೆಮನೆಗೆ ಬರುತ್ತಿತ್ತು. 1988ರ ಹೊತ್ತಿಗೆ ಸ್ಟ್ಯಾಂಡರ್ಡ್ 2000 ತಯಾರಿಕೆ ನಿಂತು, ಕಾರ್ಖಾನೆಗೂ ಬೀಗ ಬಿತ್ತು. ಇಂದು ಈ ಕಾರು ಎಲ್ಲಾದರೂ ಅಗ್ಗಕ್ಕೆ ಕಂಡರೂ ನಿತ್ಯ ಬಳಕೆಗೆಂದು ಕೊಳ್ಳುವುದು ಜಾಣತನವಲ್ಲ. ತಯಾರಾದದ್ದೇ ಕೆಲವು ವರ್ಷ, ಅದರ ಗಾಜು, ಡ್ಯಾಶ್‌ಬೋರ್ಡ್, ಬಾಡಿ ಭಾಗಗಳನ್ನು ಹುಡುಕುವುದರಲ್ಲೇ ಆಯುಸ್ಸು ಸವೆಯುತ್ತದೆ.

ಮಳೆ ಎಂಬ ಶತ್ರು

ಕರಾವಳಿಯಲ್ಲಿ ಹಳೆ ಕಾರನ್ನು ಮುಗಿಸುವುದು ಓಟಕ್ಕಿಂತ ಹೆಚ್ಚಾಗಿ ತುಕ್ಕು. ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿ.ಮೀ.ಗೂ ಮಿಕ್ಕಿ ಮಳೆ ಸುರಿಯುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಮಳೆಗಾಲದ ಆಟಿ ತಿಂಗಳಲ್ಲಿ ಒಣ ಬಟ್ಟೆಯೂ ಬೂಸಲು ಹಿಡಿಯುವ ಗಾಳಿಯಿದು. ಮಣ್ಣಿನ ನೆಲದ ಶೆಡ್ಡಿನಲ್ಲಿ ನಿಲ್ಲಿಸಿದ ಕಾರಿಗೆ ಮೇಲಿಂದ ನೀರು ಬೀಳದಿದ್ದರೂ ನೆಲದ ತೇವ ಕೆಳಗಿನಿಂದ ಏರುತ್ತದೆ.

ಹೆರಾಲ್ಡಿನ ಚೇಸಿಸ್ಸಿನ ನಡುವೆ ಎರಡು ಗಟ್ಟಿ ತೊಲೆಗಳಿವೆ. ಅವುಗಳಿಂದ ಎರಡೂ ಬದಿಗೆ ಚಾಚಿದ ತೆಳು ತಗಡಿನ ತೋಳುಗಳ ಮೇಲೆ ಬಾಡಿ ಕೂರುತ್ತದೆ. ಕೆಸರು, ನೀರು ನಿಂತು ಮೊದಲು ಕೊಳೆಯುವುದು ಈ ತೋಳುಗಳೇ. ಇವು ಹೋದರೆ ಬಾಡಿ ನಿಧಾನವಾಗಿ ಇಳಿಯುತ್ತದೆ, ಬಾಗಿಲು ಸರಿಯಾಗಿ ಕೂರುವುದಿಲ್ಲ. ಹಾಗಾಗಿ ಹೆರಾಲ್ಡ್ ನೋಡಲು ಹೋದವರು ಮೊದಲು ಗಮನಿಸಬೇಕಾದ್ದು ಬಾಗಿಲಿನ ಸಂದು. ಮೇಲೆ ಅಗಲ, ಕೆಳಗೆ ಕಿರಿದಾಗಿದ್ದರೆ ಚೇಸಿಸ್ ಬಗ್ಗಿದೆ ಎಂದೇ ತಿಳಿಯಬೇಕು. ಹೊಸ ಪೈಂಟಿನ ಹೊಳಪು ಈ ದೋಷವನ್ನು ಮುಚ್ಚುವುದಿಲ್ಲ. ಕಾರಿನ ಅಡಿಗೆ ದಪ್ಪಗೆ ಬಳಿದ ಕಪ್ಪು ಡಾಂಬರು ಬಣ್ಣ ಮಾತ್ರ ತುಕ್ಕನ್ನು ಮುಚ್ಚಬಲ್ಲದು. ಅಂಥ ಕಡೆ ಸ್ಕ್ರೂಡ್ರೈವರಿನ ತುದಿಯಿಂದ ಒತ್ತಿ ನೋಡಲು ಮಾಲೀಕರು ಬಿಡದಿದ್ದರೆ ವ್ಯಾಪಾರ ಅಲ್ಲಿಗೇ ನಿಲ್ಲಿಸುವುದು ಒಳ್ಳೆಯದು.

ಸಮಾಧಾನದ ಸಂಗತಿಯೂ ಇಲ್ಲೇ ಇದೆ. ಬಾಡಿಯನ್ನು ಬೋಲ್ಟುಗಳಲ್ಲಿ ಕೂರಿಸಿರುವುದರಿಂದ ಇಡೀ ಮೈಯನ್ನು ಎತ್ತಿ ಪಕ್ಕಕ್ಕಿಟ್ಟು ಚೇಸಿಸ್ ದುರಸ್ತಿ ಮಾಡಬಹುದು. ದಪ್ಪ ತಗಡು ಕತ್ತರಿಸಿ, ಮಡಚಿ, ಹೊಸ ತೋಳು ಬೆಸೆಯಲು ಕಾರ್ಖಾನೆಯ ಸಲಕರಣೆ ಬೇಕಾಗಿಲ್ಲ. ಒಳ್ಳೆಯ ವೆಲ್ಡರ್ ಮತ್ತು ಸಮತಟ್ಟಾದ ನೆಲ ಸಾಕು. ಕರಾವಳಿಯಲ್ಲಿ ಅಂಥ ಕೈಗಳಿಗೆ ಎಂದೂ ಬರ ಬಂದಿಲ್ಲ. 1914ರಲ್ಲಿ ಮಂಗಳೂರಿನಲ್ಲಿ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪನಿ ಹುಟ್ಟಿದಂದಿನಿಂದ ಖಾಸಗಿ ಬಸ್ಸುಗಳೇ ಈ ಜಿಲ್ಲೆಯ ನರನಾಡಿ. ಬಸ್ಸಿನ ಬಾಡಿ ಕಟ್ಟುವವರು, ಲೇತಿನವರು, ಪ್ಲೇಟ್ ಸೆಟ್ ಕಟ್ಟುವವರು, ರೇಡಿಯೇಟರ್ ಬೆಸುಗೆಯವರು ಆ ಉದ್ಯಮದ ಬೆನ್ನಿಗೇ ಬೆಳೆದರು. ಕಂಪ್ಯೂಟರ್ ತಂತಿ ಚುಚ್ಚಿ ದೋಷ ಹುಡುಕುವ ಇಂದಿನ ಕಾರಿಗಿಂತ ಹೆರಾಲ್ಡಿನ ಜೊತೆ ಮಾತಾಡುವುದು ಅವರಿಗೆ ಸುಲಭ.

ಒಂದು ಹನಿ ಎಣ್ಣೆಯ ಬೆಲೆ

ಹೆರಾಲ್ಡಿನ ಮುಂದಿನ ಪ್ರತಿ ಚಕ್ರದ ಬುಡದಲ್ಲಿ ಟ್ರನಿಯನ್ ಎಂಬ ಕಂಚಿನ ತುಂಡು ಇದೆ. ಚಕ್ರ ಹಿಡಿದ ಉಕ್ಕಿನ ಕಂಬ ಎಳೆಗಳುಳ್ಳ ಸ್ಕ್ರೂವಿನಂತೆ ಅದರೊಳಗೆ ತಿರುಗುತ್ತದೆ. ಸ್ಟೇರಿಂಗ್ ತಿರುಗಿಸಿದಾಗಲೆಲ್ಲ ಆ ಎಳೆಗಳು ಒಂದರ ಮೇಲೊಂದು ಉಜ್ಜುತ್ತವೆ. ಅಲ್ಲಿಗೆ ಹಾಕಬೇಕಾದ್ದು ಗೇರ್ ಬಾಕ್ಸಿಗೆ ಹಾಕುವಂಥ ದಪ್ಪ 90 ನಂಬರಿನ ಎಣ್ಣೆ. ಎಲ್ಲ ಕಡೆ ಗ್ರೀಸ್ ಹೊಡೆಯುವ ಅಭ್ಯಾಸದಲ್ಲಿ ಇಲ್ಲಿಗೂ ಗ್ರೀಸನ್ನೇ ಹೊಡೆದರೆ ಅದು ಒಳಗೆ ಗಟ್ಟಿಯಾಗಿ, ನೀರು ಸೇರಿ, ಎಳೆ ತುಕ್ಕು ಹಿಡಿಯುತ್ತದೆ. ಒಂದು ದಿನ ಕಂಬ ಮುರಿದು ಚಕ್ರ ಮಡಚಿಕೊಳ್ಳುತ್ತದೆ. ಈ ಮಾದರಿಯ ಕಾರುಗಳಿಗೆ ಪ್ರಪಂಚದ ಎಲ್ಲ ಕಡೆ ಕೆಟ್ಟ ಹೆಸರು ತಂದ ದೋಷ ಇದು. ಕೆಲವು ತಿಂಗಳಿಗೊಮ್ಮೆ, ಮಳೆಗಾಲಕ್ಕೆ ಮೊದಲು ತಪ್ಪದೆ, ಎಣ್ಣೆ ತುಂಬಿಸಿದರೆ ದಶಕಗಳ ಕಾಲ ಏನೂ ಆಗುವುದಿಲ್ಲ. ಕಾರು ಕೊಂಡ ಮೊದಲ ವಾರದಲ್ಲೇ ಮಾಡಿಸಬೇಕಾದ ಕೆಲಸ ಇದೊಂದು.

ಬ್ರೇಕು ನಾಲ್ಕೂ ಚಕ್ರಕ್ಕೆ ಡ್ರಮ್. ಘಾಟಿ ಇಳಿಯುವಾಗ ನಿರಂತರ ಒತ್ತಿದರೆ ಬಿಸಿಯಾಗಿ ಹಿಡಿತ ಬಿಡುತ್ತವೆ. ಘಾಟಿ ಏರುವಾಗ ಹಾಕಿದ ಗೇರಿನಲ್ಲೇ ಇಳಿಯುವ ಹಳೆಯ ಚಾಲಕರ ಪದ್ಧತಿ ಇಲ್ಲಿ ಜೀವ ಕಾಯುವ ನಿಯಮ. ಸೀಟ್ ಬೆಲ್ಟ್, ಏರ್‌ಬ್ಯಾಗ್ ಯಾವುದೂ ಕಾರಿನ ಜೊತೆ ಬಂದಿಲ್ಲ. ಎನ್‌ಎಚ್ 75ರಲ್ಲಿ ಟ್ಯಾಂಕರುಗಳ ನಡುವೆ ನಿತ್ಯ ಓಡಾಡುವವರು ಈ ಮಾತನ್ನು ಮನೆಯವರ ಜೊತೆ ಕುಳಿತು ಯೋಚಿಸಬೇಕು. ಅಗ್ಗ ಎಂಬ ಕಾರಣಕ್ಕೆ ಮಕ್ಕಳನ್ನು ಕೂರಿಸಿಕೊಂಡು ದಿನಾ ಹೆದ್ದಾರಿಗಿಳಿಯುವ ಕಾರು ಇದಲ್ಲ.

ಪೆಟ್ರೋಲ್ ಬದಲಾಗಿದೆ

ಹೆರಾಲ್ಡ್ ತಯಾರಾದ ಕಾಲದ ಪೆಟ್ರೋಲಿನಲ್ಲಿ ಸೀಸ ಇರುತ್ತಿತ್ತು. ಇಂಜಿನ್ನಿನ ವಾಲ್ವ್ ಕೂರುವ ಜಾಗ ಬೇಗ ಸವೆಯದಂತೆ ಅದು ಕಾಪಾಡುತ್ತಿತ್ತು. 2000ದಲ್ಲಿ ದೇಶದಾದ್ಯಂತ ಸೀಸರಹಿತ ಪೆಟ್ರೋಲ್ ಬಂತು. ಇಂಜಿನ್ ಬಿಚ್ಚುವ ಸಂದರ್ಭ ಬಂದಾಗ ಗಟ್ಟಿ ಉಕ್ಕಿನ ವಾಲ್ವ್ ಸೀಟ್ ಹಾಕಿಸಿಬಿಟ್ಟರೆ ಈ ಚಿಂತೆ ಮುಗಿಯಿತು. ಯಾವುದೇ ಒಳ್ಳೆಯ ಲೇತಿನಲ್ಲಿ ಆಗುವ ಕೆಲಸ.

ಈಗಿನ ಕಷ್ಟ ಎಥನಾಲಿನದು. ಪಂಪುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ 20ರಷ್ಟು ಎಥನಾಲ್ ಬೆರೆತಿದೆ. ಹಳೆಯ ರಬ್ಬರ್ ಪೈಪು, ಪೆಟ್ರೋಲ್ ಪಂಪಿನ ಡಯಾಫ್ರಂ, ಕಾರ್ಬೊರೇಟರಿನ ವಾಷರುಗಳು ಅದರಲ್ಲಿ ಮೆತ್ತಗಾಗಿ ಉಬ್ಬುತ್ತವೆ, ಸೀಳುತ್ತವೆ. ಬಿಸಿ ಇಂಜಿನ್ ಮೇಲೆ ಪೆಟ್ರೋಲ್ ಸೋರಿದರೆ ಬೆಂಕಿ. ಎಥನಾಲ್ ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ. ಇಲ್ಲಿನ ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಂತ ಕಾರಿನ ಟ್ಯಾಂಕಿನ ತಳದಲ್ಲಿ ನೀರು ಸೇರಿ ತುಕ್ಕು ಹಿಡಿಯುತ್ತದೆ. ಎಥನಾಲ್ ತಡೆಯುವ ಹೊಸ ಪೈಪುಗಳನ್ನು ಹಾಕಿಸಲು ಖರ್ಚು ದೊಡ್ಡದಲ್ಲ. ಕಾರನ್ನು ವಾರಕ್ಕೊಮ್ಮೆಯಾದರೂ ಓಡಿಸುವುದು, ಓಡಿಸಲಾಗದಿದ್ದರೆ ಟ್ಯಾಂಕ್ ಖಾಲಿ ಮಾಡಿಡುವುದು ಇನ್ನೂ ಮುಖ್ಯ.

ಮೈಲೇಜ್ ಲೀಟರಿಗೆ 12 ಕಿ.ಮೀ. ಆಸುಪಾಸು. ಬಿ.ಸಿ.ರೋಡಿನಿಂದ ಮಂಗಳೂರಿಗೆ ಹೋಗಿ ಬರುವ ಸುಮಾರು 50 ಕಿ.ಮೀ.ಗೆ ನಾಲ್ಕು ಲೀಟರಿಗೂ ಮಿಕ್ಕಿ ಬೇಕು. ಆ ಹಣದಲ್ಲಿ ಬಸ್ಸಿನಲ್ಲಿ ಹಲವು ಸಲ ಹೋಗಿ ಬರಬಹುದು.

ಸ್ಪೇರ್ ಎಲ್ಲಿ ಸಿಗುತ್ತದೆ

ಪ್ಲಗ್, ಪಾಯಿಂಟ್, ಬೆಲ್ಟ್, ಬ್ಯಾಟರಿ ಮೊದಲಾದವು ಊರಲ್ಲೇ ಸಿಗುತ್ತವೆ ಅಥವಾ ಹೊಂದಿಸಬಹುದು. ಚಕ್ರ 13 ಇಂಚಿನದು, ಕೆಲವು ಸಣ್ಣ ಕಾರುಗಳಿಗೆ ಇದೇ ಅಳತೆ ಇರುವುದರಿಂದ ಟಯರಿಗೆ ತೊಂದರೆಯಿಲ್ಲ. ಬ್ರೇಕ್ ಲೈನರ್, ಕ್ಲಚ್ ಪ್ಲೇಟುಗಳನ್ನು ಹೊಸದಾಗಿ ಅಂಟಿಸಿಕೊಡುವವರಿದ್ದಾರೆ. ಗೇರಿನ ಹಲ್ಲು, ಆಕ್ಸಲ್, ಮುಂದಿನ ಗಾಜು, ಲೈಟಿನ ಕಟ್ಟುಗಳಂಥವಕ್ಕೆ ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರ, ಚೆನ್ನೈನ ಪುದುಪೇಟೆಗಳ ಹಳೆ ಸಾಮಾನಿನ ಅಂಗಡಿಗಳನ್ನು ಸುತ್ತಬೇಕು. ಕಾರು ಹುಟ್ಟಿದ ಊರಾದ್ದರಿಂದ ಚೆನ್ನೈಯಲ್ಲಿ ಸಿಗುವ ಸಂಭವ ಹೆಚ್ಚು. ಬ್ರಿಟನ್ನಿನಲ್ಲಿ ಈ ಕಾರಿಗೆ ಇಂದಿಗೂ ಅಭಿಮಾನಿಗಳಿರುವುದರಿಂದ ಟ್ರನಿಯನ್, ಬುಷ್, ಗ್ಯಾಸ್ಕೆಟ್ ಮುಂತಾದವನ್ನು ಹೊಸದಾಗಿ ಮಾಡಿ ಮಾರುವವರು ಅಲ್ಲಿದ್ದಾರೆ. ಅಂಚೆ ವೆಚ್ಚ, ಕಸ್ಟಮ್ಸ್ ಸುಂಕ ಸೇರಿದರೆ ಬೆಲೆ ಏರುತ್ತದೆ, ಆದರೆ ಸಾಮಾನು ಸಿಗುತ್ತದೆ. ಓಡದ ಇನ್ನೊಂದು ಹೆರಾಲ್ಡನ್ನು ಗುಜರಿ ಬೆಲೆಗೆ ಕೊಂಡು ಸ್ಪೇರಿಗೆಂದು ಇಟ್ಟುಕೊಳ್ಳುವ ದಾರಿ ಎಲ್ಲಕ್ಕಿಂತ ಅಗ್ಗದ್ದು.

ಸ್ಪೇರ್ ಸಿಗದೆಂದು ಬೇರೆ ಕಾರಿನ ಇಂಜಿನ್ ಕೂರಿಸುವುದು ಹಿಂದೆ ರೂಢಿಯಲ್ಲಿತ್ತು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ನೋಂದಣಿಯ ವಿವರಕ್ಕೆ ಹೊಂದದ ಮಾರ್ಪಾಡು ಅನುಮತಿಯಿಲ್ಲದೆ ಸಲ್ಲದು. ಹಾಗೆ ಇಂಜಿನ್ ಬದಲಾದ ಕಾರು ಎಷ್ಟು ಚೆನ್ನಾಗಿ ಓಡಿದರೂ ಆರ್‌ಸಿಯಲ್ಲಿ ಆ ಬದಲಾವಣೆ ಬರೆದಿರದಿದ್ದರೆ ಕೊಳ್ಳಬಾರದು.

ಕಾಗದಪತ್ರದ ಲೆಕ್ಕ

ದೆಹಲಿಯಲ್ಲಿರುವಂತೆ ವಯಸ್ಸಿನ ಕಾರಣಕ್ಕೇ ಕಾರನ್ನು ರಸ್ತೆಯಿಂದ ತೆಗೆಯುವ ನಿಯಮ ಕರ್ನಾಟಕದಲ್ಲಿಲ್ಲ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಬಳಿಕ ಕಾರನ್ನು ಪರೀಕ್ಷೆಗೆ ಒಯ್ದು, ಎಫ್‌ಸಿ ಪಡೆದು, ಐದೈದು ವರ್ಷಕ್ಕೆ ನವೀಕರಿಸುತ್ತಾ ಹೋಗಬೇಕು. ಬಂಟ್ವಾಳಕ್ಕೆ ಈಗ ತನ್ನದೇ ಸಾರಿಗೆ ಕಚೇರಿ, ಕೆಎ 70 ಎಂಬ ಸ್ವಂತ ಸಂಖ್ಯೆ ಇರುವುದರಿಂದ ಓಡಾಟ ಕಡಿಮೆ.

ಶುಲ್ಕ ಮಾತ್ರ ಏರುತ್ತಲೇ ಇದೆ. 2022ರ ಏಪ್ರಿಲ್‌ವರೆಗೆ 600 ರೂಪಾಯಿ ಇದ್ದ ಕಾರಿನ ನವೀಕರಣ ಶುಲ್ಕ 5,000ಕ್ಕೆ ಏರಿತು. 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದ ಕಾರುಗಳಿಗೆ 10,000 ಎಂದು ಕೇಂದ್ರ ಸರಕಾರ ನಿಗದಿ ಮಾಡಿತು. ಹಸಿರು ತೆರಿಗೆ ಪ್ರತ್ಯೇಕ. ನವೀಕರಣ ತಪ್ಪಿಸಿದ ಕಾರಿಗೆ ತಿಂಗಳಿಗೆ 500 ರೂಪಾಯಿಯಂತೆ ದಂಡವೂ ಬೆಳೆಯುತ್ತದೆ. ಶೆಡ್ಡಿನಲ್ಲಿ ಮರೆತುಹೋದ ಕಾರಿನ ನಿಜವಾದ ಬೆಲೆ ಎಷ್ಟೋ ಸಲ ಈ ಬಾಕಿಯಲ್ಲೇ ಅಡಗಿರುತ್ತದೆ.

ವಿಮೆಯಲ್ಲಿ ಸಣ್ಣ ಇಂಜಿನ್ನಿನ ಲಾಭ ಉಂಟು. 2022ರಲ್ಲಿ ನಿಗದಿಯಾದ ದರದಂತೆ 1000 ಸಿಸಿಯೊಳಗಿನ ಕಾರಿಗೆ ಥರ್ಡ್ ಪಾರ್ಟಿ ವಿಮೆ ವರ್ಷಕ್ಕೆ 2,094 ರೂಪಾಯಿ, 1500 ಸಿಸಿ ಮೀರಿದ್ದಕ್ಕೆ 7,897. ತೆರಿಗೆ ಬೇರೆ. 948 ಸಿಸಿಯ ಹೆರಾಲ್ಡ್ ಮೊದಲ ವರ್ಗಕ್ಕೆ, 1991 ಸಿಸಿಯ ಸ್ಟ್ಯಾಂಡರ್ಡ್ 2000 ಕೊನೆಯ ವರ್ಗಕ್ಕೆ ಬೀಳುತ್ತದೆ.

2021ರಲ್ಲಿ ಬಂದ ವಿಂಟೇಜ್ ನಿಯಮದ ಬಗ್ಗೆ ಗೊಂದಲ ಹೆಚ್ಚು. 50 ವರ್ಷ ದಾಟಿದ, ಮೂಲರೂಪ ಉಳಿಸಿಕೊಂಡ ವಾಹನಕ್ಕೆ ವಿಎ ಅಕ್ಷರಗಳ ವಿಶೇಷ ಸಂಖ್ಯೆ ಸಿಗುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ಅವಧಿ, ಥರ್ಡ್ ಪಾರ್ಟಿ ವಿಮೆಯಲ್ಲಿ ಅರ್ಧ ರಿಯಾಯಿತಿ. ಇಂದು ಎಲ್ಲ ಹೆರಾಲ್ಡುಗಳೂ ಈ ವಯಸ್ಸು ದಾಟಿವೆ. ಆದರೆ ಹೀಗೆ ನೋಂದಾಯಿಸಿದ ಕಾರನ್ನು ಪ್ರದರ್ಶನ, ರ್‍ಯಾಲಿ, ದುರಸ್ತಿ, ಪೆಟ್ರೋಲ್ ತುಂಬಿಸುವಂಥ ಕೆಲಸಕ್ಕೆ ಮಾತ್ರ ರಸ್ತೆಗಿಳಿಸಬಹುದು. ಧರ್ಮಸ್ಥಳದ ಹಳೆ ಕಾರುಗಳ ಸಂಗ್ರಹಾಲಯದಲ್ಲಿ ಇರುವಂತೆ ಕಾಪಿಡುವ ಮನಸ್ಸಿನವರಿಗೆ ಇದು ಸರಿ. ಮಾರ್ಕೆಟ್ಟಿಗೆ, ಮದುವೆ ಮನೆಗೆ ಓಡಿಸಬೇಕೆನ್ನುವವರು ಹಳೆಯ ಎಂವೈ ನಂಬರಿನ ಸಾಮಾನ್ಯ ನೋಂದಣಿಯನ್ನೇ ನವೀಕರಿಸಿಕೊಳ್ಳಬೇಕು.

ತಮಿಳುನಾಡು, ಕೇರಳದ ಕಾರು ತರುವವರು ಅಲ್ಲಿನ ಎನ್‌ಒಸಿ ಮತ್ತು ಇಲ್ಲಿನ ಜೀವಿತಾವಧಿ ತೆರಿಗೆ ಎರಡನ್ನೂ ಬೆಲೆಗೆ ಕೂಡಿಸಿಯೇ ಚೌಕಾಶಿಗೆ ಕೂರಬೇಕು. ಆರ್‌ಸಿಯಲ್ಲಿ ಹೆಸರಿರುವವರು ತೀರಿಕೊಂಡಿದ್ದರೆ ವಾರಸುದಾರರ ಹೆಸರಿಗೆ ಮೊದಲು ವರ್ಗವಾಗಲಿ.

ಯಾರಿಗೆ ಒಗ್ಗುತ್ತದೆ

ಮನೆಯಲ್ಲಿ ಇನ್ನೊಂದು ವಾಹನ ಇದ್ದು, ಸಿಮೆಂಟ್ ನೆಲದ ಗಾಳಿಯಾಡುವ ಶೆಡ್ ಇದ್ದು, ನಂಬಿಕೆಯ ಗ್ಯಾರೇಜ್ ಹತ್ತಿರವಿದ್ದು, ಊರೊಳಗಿನ ಓಡಾಟಕ್ಕೆ ಕಾರು ಬೇಕಾದವರಿಗೆ ಹೆರಾಲ್ಡ್ ನಿಜವಾಗಿಯೂ ಕೈಗೆಟಕುವ ಕಾರು. ಇರುವ ಒಂದೇ ವಾಹನವಾಗಿ ಅದನ್ನು ನಂಬುವಂತಿಲ್ಲ. ಅತ್ಯಂತ ಅಗ್ಗದ ಹೆರಾಲ್ಡ್ ಕೊಂಡವರು ಕೊನೆಗೆ ಹೆಚ್ಚು ಖರ್ಚು ಮಾಡುತ್ತಾರೆ. ಓಡುತ್ತಿರುವ, ಕಾಗದ ಸರಿಯಿರುವ ಕಾರಿಗೆ ಎರಡರಷ್ಟು ಕೊಟ್ಟರೂ ನಷ್ಟವಿಲ್ಲ. ಕೊಳ್ಳಲು ಹೊರಟವರು ಹಗಲಿನಲ್ಲೇ ಹೋಗಿ, ಕಾರನ್ನು ಗ್ಯಾರೇಜಿನ ಗುಂಡಿಯ ಮೇಲೆ ನಿಲ್ಲಿಸಿ, ಚೇಸಿಸ್ಸನ್ನು ಕಣ್ಣಾರೆ ನೋಡಿ, ಅದರ ನಂಬರನ್ನು ಆರ್‌ಸಿಯ ಜೊತೆ ತಾಳೆ ಹಾಕಿ. ಅದಕ್ಕೆ ಮೊದಲು ಮುಂಗಡ ಕೊಡಬೇಡಿ.